ಜನರಲ್ ಅನಸ್ತೇಷಿಯಾದ ಅಡ್ಡಪರಿಣಾಮಗಳು: ಆಪರೇಷನ್‌ಗೆ ಮುಂಚೆ ಹೇಳಬೇಕಾದದ್ದು, ಎಚ್ಚರವಾದ ಮೇಲೆ ಗಮನಿಸಬೇಕಾದದ್ದು

ಆಪರೇಷನ್ ನಿಗದಿಯಾದ ಮನೆಯಲ್ಲಿ ಸರ್ಜನ್ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಎಷ್ಟು ದಿನ ಅಡ್ಮಿಟ್ ಆಗಬೇಕು, ಇನ್ಶೂರೆನ್ಸ್ ಎಷ್ಟು ಕೊಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಅರಿವಳಿಕೆ ಕೊಡುವ ವೈದ್ಯರು ಯಾರು, ಅವರಿಗೆ ಏನೇನು ಹೇಳಬೇಕು ಎಂಬ ಮಾತು ಮಾತ್ರ ಏಳುವುದೇ ಇಲ್ಲ. ಹೆದರಿಕೆ ಇರುವುದು ಹೆಚ್ಚಾಗಿ ಅಲ್ಲೇ. ‘ಮತ್ತೆ ಎಚ್ಚರ ಆಗುತ್ತಾ?’ ಎಂದು ಥಿಯೇಟರ್ ಬಾಗಿಲಲ್ಲಿ ಕೈ ಹಿಡಿದು ಕೇಳುವವರು ಎಷ್ಟೋ ಮಂದಿ.

ಅಡ್ಡಪರಿಣಾಮಗಳಲ್ಲಿ ಬಹುಪಾಲು ಸಣ್ಣವು, ಒಂದೆರಡು ದಿನದಲ್ಲಿ ತಾವಾಗಿಯೇ ಹೋಗುವಂಥವು. ಗಂಭೀರವಾದವು ಅಪರೂಪ. ಆ ಅಪರೂಪದವುಗಳಲ್ಲೂ ಹಲವಕ್ಕೆ ಮುನ್ಸೂಚನೆ ರೋಗಿಯ ಅಥವಾ ಮನೆಯವರ ಬಳಿಯೇ ಇರುತ್ತದೆ: ಹಳೆಯ ಆಪರೇಷನ್‌ನ ನೆನಪಾಗಿ, ದಿನಾ ನುಂಗುವ ಮಾತ್ರೆಯಾಗಿ, ಅಡಿಕೆ ಅಗಿಯುವ ಅಭ್ಯಾಸವಾಗಿ. ಅದು ಅರಿವಳಿಕೆ ತಜ್ಞರ ಕಿವಿಗೆ ಬೀಳಬೇಕು. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಹಂತ 1: ಏನು ಮಾಡುತ್ತಾರೆ ಎಂದು ತಿಳಿದುಕೊಳ್ಳಿ

ಜನರಲ್ ಅನಸ್ತೇಷಿಯಾ ಎಂದರೆ ಪೂರ್ತಿ ಪ್ರಜ್ಞೆ ಇಲ್ಲದಂತೆ ಮಾಡುವುದು. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೆ ಕೊಡುವ ಸೂಜಿ ಇದಲ್ಲ. ಅದು ಸ್ಪೈನಲ್; ದೇಹದ ಕೆಳಭಾಗವನ್ನು ಮಾತ್ರ ಮರಗಟ್ಟಿಸುತ್ತದೆ, ಅದರ ಅಡ್ಡಪರಿಣಾಮಗಳೂ ಬೇರೆ.

ಜನರಲ್‌ನಲ್ಲಿ ಮೂರು ಕೆಲಸ ಆಗಬೇಕು. ಪ್ರಜ್ಞೆ ಹೋಗಬೇಕು, ನೋವಿಗೆ ದೇಹ ಪ್ರತಿಕ್ರಿಯಿಸಬಾರದು, ಅನೇಕ ಆಪರೇಷನ್‌ಗಳಲ್ಲಿ ಸ್ನಾಯುಗಳು ಸಡಿಲವಾಗಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಔಷಧ. ಕೈಗೆ ಹಾಕಿದ ಕ್ಯಾನ್ಯುಲಾ ಎಂಬ ಸಣ್ಣ ನಳಿಕೆಯಲ್ಲಿ ಹಾಲಿನಷ್ಟು ಬೆಳ್ಳಗಿರುವ ಪ್ರೊಪೊಫಾಲ್ ಹೋಗುತ್ತದೆ. ಹೋಗುವಾಗ ಕೈ ಒಂದಿಷ್ಟು ಉರಿಯಬಹುದು, ಗಾಬರಿಯಾಗಬೇಡಿ. ಅರ್ಧ ನಿಮಿಷದಲ್ಲಿ ನಿದ್ದೆ. ಆಮೇಲೆ ಸೆವೊಫ್ಲೂರೇನ್‌ನಂಥ ಅನಿಲವನ್ನೋ ಪ್ರೊಪೊಫಾಲ್ ಡ್ರಿಪ್ಪನ್ನೋ ಕೊಡುತ್ತ ಆ ಸ್ಥಿತಿಯನ್ನು ಹಿಡಿದಿಡುತ್ತಾರೆ. ಸ್ನಾಯು ಸಡಿಲಿಸುವ ಔಷಧ ಉಸಿರಾಟದ ಸ್ನಾಯುಗಳನ್ನೂ ನಿಲ್ಲಿಸುವುದರಿಂದ ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಯಂತ್ರದ ಮೂಲಕ ಉಸಿರಾಡಿಸುತ್ತಾರೆ. ಮುಗಿಯುವವರೆಗೂ ತಜ್ಞರು ತಲೆಯ ಬಳಿಯೇ ಇದ್ದು ನಾಡಿ, ಬಿ.ಪಿ., ಆಮ್ಲಜನಕ, ಹೊರಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ನೋಡುತ್ತಿರುತ್ತಾರೆ.

ಹಿರಿಯರು ಹೇಳುವ ‘ಮೂರು ದಿನ ವಾಂತಿ ಮಾಡಿದೆ’ ಎಂಬಂಥ ಕಥೆಗಳಿಗೆ ಈಥರ್ ಎಂಬ ಹಳೆಯ ಅರಿವಳಿಕೆ ಔಷಧದ ಕಾಲದ ಹಿನ್ನೆಲೆ ಇದೆ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಎಲ್ಲರೆದುರು ಈಥರ್ ಕೊಟ್ಟು ತೋರಿಸಿದ. ಅದೇ ದಿನವನ್ನು ಈಗಲೂ ವಿಶ್ವ ಅರಿವಳಿಕೆ ದಿನವಾಗಿ ಆಚರಿಸುತ್ತಾರೆ. ಈಥರ್ ಜೀವ ಉಳಿಸಿತು, ಜೊತೆಗೆ ವಿಪರೀತ ವಾಂತಿಯನ್ನೂ ತಂದಿತು. ಇವತ್ತಿನ ಔಷಧಗಳು ಬೇಗ ಇಳಿಯುತ್ತವೆ. ಆ ಕಥೆಗಳನ್ನು ಕೇಳಿ ಇವತ್ತಿನ ಆಪರೇಷನ್‌ಗೆ ಹೆದರಬೇಕಿಲ್ಲ.

ಹಂತ 2: ಪಿ.ಎ.ಸಿ.ಗೆ ಹೋದಾಗ ಎಲ್ಲವನ್ನೂ ಬಿಚ್ಚಿ ಹೇಳಿ

ಆಪರೇಷನ್‌ಗೆ ಮೊದಲು ಅರಿವಳಿಕೆ ತಜ್ಞರು ರೋಗಿಯನ್ನು ಪರೀಕ್ಷಿಸುವುದಕ್ಕೆ ಆಸ್ಪತ್ರೆಗಳಲ್ಲಿ ಪಿ.ಎ.ಸಿ. ಎನ್ನುತ್ತಾರೆ. ‘ಫಿಟ್‌ನೆಸ್ ಕೊಡ್ತಾರೆ’ ಎಂದು ನಾವು ಅದನ್ನು ಒಂದು ಸಹಿಯ ಮಟ್ಟಕ್ಕೆ ಇಳಿಸಿಬಿಟ್ಟಿದ್ದೇವೆ. ನನ್ನ ಪ್ರಕಾರ ಇಡೀ ಆಪರೇಷನ್‌ನಲ್ಲಿ ರೋಗಿಯ ಕೈಯಲ್ಲಿರುವ ಅತಿ ಮುಖ್ಯ ಹದಿನೈದು ನಿಮಿಷ ಇದೇ. ಹಳೆಯ ಡಿಸ್ಚಾರ್ಜ್ ಸಮ್ಮರಿಗಳು ಮತ್ತು ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಕೇಳದಿದ್ದರೂ ಈ ಕೆಳಗಿನವನ್ನು ಹೇಳಿ.

ಮೊದಲನೆಯದು ಮನೆತನದ ಚರಿತ್ರೆ. ‘ಡಾಕ್ಟ್ರೇ, ನಮ್ಮ ಚಿಕ್ಕಪ್ಪನಿಗೆ ಆಪರೇಷನ್ ಆದಮೇಲೆ ತುಂಬ ಹೊತ್ತು ಉಸಿರು ಬರಲಿಲ್ಲ, ಮಷಿನ್‌ನಲ್ಲಿ ಇಟ್ಟಿದ್ರು’ ಎಂಬ ಒಂದು ವಾಕ್ಯ ಪೂರ್ತಿ ಯೋಜನೆಯನ್ನೇ ಬದಲಿಸಬಲ್ಲದು. ಕಾರಣ ಹೀಗಿದೆ. ಟ್ಯೂಬ್ ಬೇಗ ಹಾಕಬೇಕಾದಾಗ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ (ಓ.ಟಿ.ಯಲ್ಲಿ ಇದನ್ನು ಸ್ಕೋಲಿನ್ ಎನ್ನುತ್ತಾರೆ) ಸಾಮಾನ್ಯವಾಗಿ ಐದು–ಹತ್ತು ನಿಮಿಷದಲ್ಲಿ ಇಳಿದುಹೋಗುತ್ತದೆ. ಅದನ್ನು ಒಡೆಯುವುದು ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಎಂಬ ಕಿಣ್ವ. ಕೆಲವರಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ, ಅಥವಾ ಇಲ್ಲವೇ ಇಲ್ಲ. ಅಂಥವರಿಗೆ ಅದೇ ಔಷಧ ಗಂಟೆಗಟ್ಟಲೆ ಕೆಲಸ ಮಾಡುತ್ತದೆ. ಅಷ್ಟೂ ಹೊತ್ತು ಸ್ನಾಯು ಅಲುಗುವುದಿಲ್ಲ, ವೆಂಟಿಲೇಟರ್ ಬೇಕಾಗುತ್ತದೆ.

ದಕ್ಷಿಣ ಭಾರತದ ಆರ್ಯ ವೈಶ್ಯ ಸಮುದಾಯದಲ್ಲಿ ಈ ಕೊರತೆ ಉಳಿದವರಿಗಿಂತ ಹೆಚ್ಚು ಕಾಣುತ್ತದೆ ಎಂಬುದು ಇಲ್ಲಿನ ಅರಿವಳಿಕೆ ತಜ್ಞರಿಗೆ ಚೆನ್ನಾಗಿ ಗೊತ್ತು. ತಲೆಮಾರುಗಳಿಂದ ಸಮುದಾಯದೊಳಗೇ ಮದುವೆಗಳು ನಡೆದದ್ದರಿಂದ ಆ ಜೀನ್ ಉಳಿದುಕೊಂಡಿದೆ. ದಿನನಿತ್ಯದ ಬದುಕಿನಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಹಾಗಾಗಿ ಮೊದಲ ಆಪರೇಷನ್‌ವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಡಾಕ್ಟರು ನಿಮ್ಮ ಸಮುದಾಯ ಯಾವುದೆಂದು ಕೇಳಿದರೆ ಬೇಸರಪಟ್ಟುಕೊಳ್ಳದೆ ಹೇಳಿ. ಕೇಳದಿದ್ದರೂ ಈ ಸಮುದಾಯದವರು ತಾವಾಗಿಯೇ ಹೇಳುವುದು ಒಳ್ಳೆಯದು. ಸೀರಮ್ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆ ಸುಳಿವು ಕೊಡುತ್ತದೆ. ಕೊರತೆ ಇದ್ದರೆ ಆ ಔಷಧವನ್ನು ಬಿಟ್ಟು ಬೇರೆಯದನ್ನು ಕೊಡುತ್ತಾರೆ, ಅಷ್ಟೇ. ಹೊಲಕ್ಕೆ ಕೀಟನಾಶಕ ಸಿಂಪಡಿಸುವವರೂ ಅದನ್ನು ತಿಳಿಸಬೇಕು. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಇದೇ ಕಿಣ್ವವನ್ನು ಕುಗ್ಗಿಸುತ್ತವೆ.

ಮನೆತನದಲ್ಲಿ ಬರುವ ಇನ್ನೊಂದು ತೊಂದರೆ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ. ಅರಿವಳಿಕೆಯ ಅನಿಲಗಳು ಅಥವಾ ಸ್ಕೋಲಿನ್ ತಾಗಿದೊಡನೆ ಸ್ನಾಯುಗಳು ಬಿಗಿದು, ಮೈ ಬಿಸಿ ವಿಪರೀತ ಏರುತ್ತದೆ. ತೀರಾ ಅಪರೂಪದ್ದು, ಆದರೆ ಬಂದರೆ ನಿಮಿಷಗಳ ಲೆಕ್ಕ. ಡ್ಯಾಂಟ್ರೊಲೀನ್ ಎಂಬ ಔಷಧ ಬಂದಮೇಲೆ, ಅದು ಸಕಾಲಕ್ಕೆ ಸಿಕ್ಕ ಕಡೆಗಳಲ್ಲಿ ಬಹುಪಾಲು ರೋಗಿಗಳು ಉಳಿಯುತ್ತಾರೆ. ನಮ್ಮ ದೇಶದ ಎಲ್ಲ ಆಸ್ಪತ್ರೆಗಳಲ್ಲೂ ಆ ಔಷಧ ಇರುವುದಿಲ್ಲ. ಹಾಗಾಗಿ ‘ನಮ್ಮ ಕಡೆ ಒಬ್ಬರು ಆಪರೇಷನ್ ಟೇಬಲ್ ಮೇಲೆ ಜ್ವರ ಏರಿ ಹೋದರು’ ಎಂಬ ಕಥೆ ಮನೆಯಲ್ಲಿದ್ದರೆ ಅದನ್ನು ಹೇಳಲೇಬೇಕು. ಗೊತ್ತಿದ್ದರೆ ಆ ಅನಿಲಗಳನ್ನು ಮುಟ್ಟದೆ, ಪೂರ್ತಿ ಡ್ರಿಪ್ ಮೂಲಕವೇ ಸುರಕ್ಷಿತವಾಗಿ ಅರಿವಳಿಕೆ ಕೊಡಬಹುದು.

ಎರಡನೆಯದು ಬಾಯಿ. ಎಲೆ ಅಡಿಕೆ, ಗುಟ್ಕಾ, ಪಾನ್ ಮಸಾಲ ವರ್ಷಗಟ್ಟಲೆ ಅಗಿದವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಾಯಿ ತೆರೆಯುವುದೇ ಕಡಿಮೆಯಾಗುತ್ತದೆ. ಮೇಲಿನ, ಕೆಳಗಿನ ಹಲ್ಲುಗಳ ನಡುವೆ ನಿಮ್ಮದೇ ಮೂರು ಬೆರಳು ನೆಟ್ಟಗೆ ಹೋಗುತ್ತವೆಯೇ ನೋಡಿಕೊಳ್ಳಿ. ಹೋಗದಿದ್ದರೆ ಟ್ಯೂಬ್ ಹಾಕುವುದು ಕಷ್ಟವಾಗಬಹುದು. ಮೊದಲೇ ತಿಳಿದರೆ ತಜ್ಞರು ಮೂಗಿನ ಮೂಲಕ, ರೋಗಿ ಎಚ್ಚರವಿರುವಾಗಲೇ, ಗಂಟಲನ್ನು ಮರಗಟ್ಟಿಸಿ ಸಣ್ಣ ಕ್ಯಾಮರಾ ಸಹಾಯದಿಂದ ಟ್ಯೂಬ್ ಇಳಿಸುತ್ತಾರೆ. ಪ್ರಜ್ಞೆ ತಪ್ಪಿಸಿದ ಮೇಲೆ ಬಾಯಿ ತೆರೆಯುತ್ತಿಲ್ಲ ಎಂದು ಗೊತ್ತಾಗುವುದು ಮಾತ್ರ ನಿಜಕ್ಕೂ ಅಪಾಯದ ಸ್ಥಿತಿ. ನಾಚಿಕೆಯಿಂದ ಅಡಿಕೆಯ ವಿಷಯ ಮುಚ್ಚಿಡಬೇಡಿ. ಅಲುಗಾಡುವ ಹಲ್ಲು, ಕ್ಯಾಪ್, ಕಟ್ಟಿಸಿದ ಹಲ್ಲು ಇದ್ದರೂ ಹೇಳಿ, ಏಕೆಂದರೆ ಟ್ಯೂಬ್ ಹಾಕುವಾಗ ಪೆಟ್ಟಾಗುವುದು ಸಾಮಾನ್ಯವಾಗಿ ಮೇಲಿನ ಮುಂಭಾಗದ ಹಲ್ಲುಗಳಿಗೇ.

ಮೂರನೆಯದು ಗೊರಕೆ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತು ಮತ್ತೆ ಬರುವುದು, ಹಗಲಲ್ಲೇ ತೂಕಡಿಕೆ ಇದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಇದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು, ರೋಗಿಗೆ ತಿಳಿದಿರುವುದೇ ಇಲ್ಲ. ಅರಿವಳಿಕೆ ಮತ್ತು ನೋವಿನ ಬಲವಾದ ಔಷಧಗಳು ಇಂಥವರ ಉಸಿರನ್ನು ಇನ್ನಷ್ಟು ತಡೆಯುತ್ತವೆ. ಮನೆಯಲ್ಲಿ ಸಿಪ್ಯಾಪ್ ಯಂತ್ರ ಬಳಸುತ್ತಿದ್ದರೆ ಆಸ್ಪತ್ರೆಗೆ ತನ್ನಿ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಅಸ್ತಮಾ, ಹೃದಯದ ತೊಂದರೆ, ಫಿಟ್ಸ್, ಔಷಧಗಳ ಅಲರ್ಜಿ, ಹಿಂದೆ ಆಪರೇಷನ್ ಆದಾಗ ಬಂದ ವಾಂತಿ ಇವೆಲ್ಲ ಬೇಕು. ಕುಡಿಯುವ ಅಭ್ಯಾಸ ಇದ್ದರೆ ಪ್ರಮಾಣವನ್ನು ನಿಜವಾಗಿ ಹೇಳಿ. ದಿನಾ ಕುಡಿಯುವವರಿಗೆ ಆಸ್ಪತ್ರೆಯಲ್ಲಿ ಥಟ್ಟನೆ ನಿಂತಾಗ ಎರಡು–ಮೂರನೇ ದಿನ ಕೈನಡುಕ, ಗೊಂದಲ ಬರಬಹುದು. ಮನೆಯವರ ಮುಂದೆ ಹೇಳಲು ಆಗದಿದ್ದರೆ ಡಾಕ್ಟರ ಜೊತೆ ಒಬ್ಬರೇ ಇರುವಾಗ ಹೇಳಿ. ಶುದ್ಧ ಸಸ್ಯಾಹಾರಿಗಳಲ್ಲಿ, ಅದರಲ್ಲೂ ಹಾಲು ಮೊಸರೂ ಬಿಟ್ಟವರಲ್ಲಿ, ಬಿ12 ಕೊರತೆ ಸಾಮಾನ್ಯ. ಅರಿವಳಿಕೆಗೆ ಬಳಸುವ ನೈಟ್ರಸ್ ಆಕ್ಸೈಡ್ ಬಿ12 ಅನ್ನು ನಿಷ್ಕ್ರಿಯಗೊಳಿಸುವುದರಿಂದ, ಕೊರತೆ ತೀವ್ರವಾಗಿದ್ದವರಿಗೆ ದಿನಗಳೋ ವಾರಗಳೋ ಕಳೆದ ಮೇಲೆ ಕೈಕಾಲು ಜೋಮು ಬರುವ ಸಾಧ್ಯತೆ ಇದೆ. ರಿಪೋರ್ಟ್‌ನಲ್ಲಿ ಬಿ12 ಕಡಿಮೆ ಎಂದಿದ್ದರೆ ಅದನ್ನೂ ತೋರಿಸಿ.

ಹಂತ 3: ಮಾತ್ರೆಗಳನ್ನು ನೀವೇ ನಿಲ್ಲಿಸಬೇಡಿ, ನೀವೇ ಮುಂದುವರಿಸಲೂ ಬೇಡಿ

ಪ್ರತಿ ಮಾತ್ರೆಗೂ ‘ಆಪರೇಷನ್ ದಿನ ಬೆಳಿಗ್ಗೆ ತಗೊಳ್ಳಲಾ, ಬೇಡವಾ’ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಹೃದಯದ, ಬಿ.ಪಿ.ಯ ಮಾತ್ರೆಗಳನ್ನು ಮತ್ತು ಥೈರಾಯ್ಡ್ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ಗುಟುಕು ನೀರಿನೊಂದಿಗೆ ಮುಂದುವರಿಸುತ್ತಾರೆ. ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಯನ್ನು ಆ ಬೆಳಿಗ್ಗೆ ಬಿಡಲು ಹೇಳುವುದು ರೂಢಿ, ಅರಿವಳಿಕೆ ಕೊಟ್ಟಾಗ ಬಿ.ಪಿ. ಕುಸಿಯಬಹುದೆಂದು. ರಕ್ತ ತೆಳುವಾಗಿಸುವ ಮಾತ್ರೆಗಳ ತೀರ್ಮಾನ ಹೃದಯ ತಜ್ಞರನ್ನು ಕೇಳಿಯೇ ಆಗಬೇಕು. ಸ್ಟೆಂಟ್ ಹಾಕಿಸಿಕೊಂಡವರು ಯಾರದೋ ಮಾತು ಕೇಳಿ ಆ ಮಾತ್ರೆಗಳನ್ನು ನಿಲ್ಲಿಸುವುದು ಆಪರೇಷನ್‌ಗಿಂತ ದೊಡ್ಡ ಅಪಾಯ.

ಸಕ್ಕರೆ ಕಾಯಿಲೆಯ ಎರಡು ಬಗೆಯ ಔಷಧಗಳ ಮೇಲೆ ವಿಶೇಷ ಗಮನ ಬೇಕು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಆಪರೇಷನ್‌ಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸುವುದು ಈಗಿನ ಸಲಹೆ. ಇಲ್ಲದಿದ್ದರೆ ಉಪವಾಸವಿದ್ದಾಗ ರಕ್ತದಲ್ಲಿ ಆಮ್ಲ ಏರುವ ಕೀಟೋಅಸಿಡೋಸಿಸ್ ಬರಬಹುದು, ಅದೂ ಸಕ್ಕರೆ ಮಟ್ಟ ಸಾಧಾರಣವಾಗಿಯೇ ಇರುವಾಗ. ಹೀಗಾಗಿ ಗುರುತಿಸುವುದು ತಡವಾಗುತ್ತದೆ. ಈ ಔಷಧಗಳು ಹಲವು ಸಲ ಸಕ್ಕರೆ ಕಾಯಿಲೆಯದೇ ಇನ್ನೊಂದು ಔಷಧವಾದ ಮೆಟ್‌ಫಾರ್ಮಿನ್ ಜೊತೆ ಒಂದೇ ಗುಳಿಗೆಯಲ್ಲಿ ಸೇರಿರುತ್ತವೆ, ಆದ್ದರಿಂದ ಬ್ರ್ಯಾಂಡ್ ಹೆಸರು ಹೇಳಿ ಬಿಡದೆ ಸ್ಟ್ರಿಪ್ ತೋರಿಸಿ. ಎರಡನೆಯದು ತೂಕ ಇಳಿಸಲೂ ಬಳಸುತ್ತಿರುವ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್‌ಗಳು. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಎಂದಿನಂತೆ ಉಪವಾಸ ಮಾಡಿದರೂ ಹೊಟ್ಟೆಯಲ್ಲಿ ಆಹಾರ ಉಳಿದಿರಬಹುದು.

ಅಶ್ವಗಂಧ, ಬೆಳ್ಳುಳ್ಳಿ ಕ್ಯಾಪ್ಸೂಲ್, ನಾಟಿ ಔಷಧಗಳನ್ನು ಯಾರೂ ಔಷಧವೆಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವುಗಳಲ್ಲಿ ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ, ಕೆಲವು ಮಂಪರು ಹೆಚ್ಚಿಸುತ್ತವೆ. ಎರಡು ವಾರ ಮೊದಲೇ ನಿಲ್ಲಿಸುವುದು ಒಳಿತು. ಬೀಡಿ, ಸಿಗರೇಟನ್ನು ಒಂದೆರಡು ತಿಂಗಳು ಮೊದಲು ಬಿಟ್ಟರೆ ಕಫ, ನ್ಯುಮೋನಿಯಾ ನಿಜಕ್ಕೂ ಕಡಿಮೆಯಾಗುತ್ತವೆ. ಅಷ್ಟು ಸಮಯವಿಲ್ಲದಿದ್ದರೆ ಹಿಂದಿನ ದಿನ ಬಿಟ್ಟರೂ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿದು ಹೃದಯಕ್ಕೆ ಅನುಕೂಲ.

ಹಂತ 4: ಉಪವಾಸವನ್ನು ಗಂಟೆ ಹಿಡಿದು ಮಾಡಿ

ಪ್ರಜ್ಞೆ ಇಲ್ಲದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಉಪವಾಸ ಅದಕ್ಕಾಗಿ. ಎಲ್ಲೆಡೆ ಒಪ್ಪಿರುವ ಲೆಕ್ಕ ಹೀಗಿದೆ: ಹಗುರವಾದ ಊಟ, ಹಾಲು, ಹಾಲು ಹಾಕಿದ ಕಾಫಿ–ಟೀ 6 ಗಂಟೆ, ಎಣ್ಣೆ, ಮಾಂಸದ ಊಟವಾದರೆ 8 ಗಂಟೆ ಅಥವಾ ಹೆಚ್ಚು, ಎದೆಹಾಲು 4 ಗಂಟೆ, ನೀರಿನಂಥ ತಿಳಿ ಪಾನೀಯ 2 ಗಂಟೆ. ಮಜ್ಜಿಗೆ, ರಾಗಿ ಅಂಬಲಿ, ಗಂಜಿ ತಿಳಿಯೂ ಆಹಾರವೇ ಎಂದು ತಿಳಿಯಿರಿ.

ನಮ್ಮಲ್ಲಿ ಎರಡು ಕಡೆಯೂ ತಪ್ಪಾಗುತ್ತದೆ. ‘ರಾತ್ರಿ ಹನ್ನೆರಡರ ಮೇಲೆ ಹನಿ ನೀರೂ ಬೇಡ’ ಎಂದಿದ್ದನ್ನು ಪಾಲಿಸಿ, ಮಧ್ಯಾಹ್ನ ಎರಡಕ್ಕೆ ಸರದಿ ಬರುವ ಅಜ್ಜಿ 14 ಗಂಟೆ ಬಾಯಾರಿ ಕೂರುತ್ತಾರೆ. ನಿರ್ಜಲೀಕರಣದಿಂದ ಬಿ.ಪಿ. ಇಳಿಯುತ್ತದೆ, ಎದ್ದ ಮೇಲೆ ವಾಕರಿಕೆ, ತಲೆನೋವು ಹೆಚ್ಚುತ್ತವೆ. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರ ತಲೆನೋವಂತೂ ಹಲವು ಸಲ ಕಾಫಿ ತಪ್ಪಿದ್ದಕ್ಕೇ ಬಂದದ್ದು. ‘ನನ್ನ ಸರದಿ ಎಷ್ಟು ಗಂಟೆಗೆ, ನೀರು ಎಷ್ಟು ಗಂಟೆವರೆಗೆ ಕುಡಿಯಬಹುದು, ಹಾಲಿಲ್ಲದ ಡಿಕಾಕ್ಷನ್ ಆಗುತ್ತಾ’ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಇನ್ನೊಂದು ಕಡೆ, ಬೆಳಿಗ್ಗೆ ದೇವಸ್ಥಾನಕ್ಕೆ ಹೋಗಿ ಪ್ರಸಾದ ಬಾಯಿಗೆ ಹಾಕಿಕೊಂಡು ಬರುವವರಿದ್ದಾರೆ. ಲಾಡು, ಪಂಚಾಮೃತ ಕೂಡ ಊಟದ ಲೆಕ್ಕವೇ. ತಿಂದುಬಿಟ್ಟಿದ್ದರೆ ಹೇಳಿಬಿಡಿ. ಆಪರೇಷನ್ ಕೆಲವು ಗಂಟೆ ಮುಂದೆ ಹೋಗಬಹುದು, ಅಷ್ಟೇ.

ಹಂತ 5: ಆ ಬೆಳಿಗ್ಗೆ

ಉಗುರುಬಣ್ಣ ಅಳಿಸಿ. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಕ್ಲಿಪ್ ಉಗುರಿನ ಮೂಲಕ ಬೆಳಕು ಹಾಯಿಸಿ ಓದುತ್ತದೆ. ಬೆರಳ ತುದಿಗೆ ಕಡುಬಣ್ಣದ ಮೆಹಂದಿ ಇದ್ದರೂ ಓದು ತಪ್ಪಬಹುದು; ಮದುವೆ ಮುಗಿಸಿ ಬಂದವರು ಮೊದಲೇ ಹೇಳಿದರೆ ಕಿವಿಗೆ ಹಾಕುತ್ತಾರೆ. ಬಳೆ, ಉಂಗುರ, ಕಾಲುಂಗುರ, ಮೂಗುತಿ ತೆಗೆದಿಡಿ. ಕೈ ಊದಿದಾಗ ಉಂಗುರ ಬಿಗಿಯುತ್ತದೆ, ರಕ್ತಸ್ರಾವ ತಡೆಯಲು ಬಳಸುವ ಕಾಟರಿ ಯಂತ್ರದ ವಿದ್ಯುತ್ ಲೋಹದ ಬಳಿ ಚರ್ಮ ಸುಡಬಹುದು. ಮಾಂಗಲ್ಯ ತೆಗೆಯಲು ಮನಸ್ಸೊಪ್ಪದವರಿಗೆ ಅರಿಶಿನದ ದಾರಕ್ಕೆ ಕಟ್ಟಿ ಮನೆಯವರ ಕೈಗೆ ಕೊಡುವುದೋ, ಬೇರೆ ದಾರಿಯೋ ಇದ್ದೇ ಇರುತ್ತದೆ. ಹಿಂದಿನ ದಿನವೇ ಸಿಸ್ಟರ್ ಬಳಿ ಮಾತಾಡಿ, ಥಿಯೇಟರ್ ಬಾಗಿಲಲ್ಲಿ ಅಳುವಂತಾಗಬಾರದು. ಕಾಂಟ್ಯಾಕ್ಟ್ ಲೆನ್ಸ್, ತೆಗೆಯುವ ಹಲ್ಲಿನ ಸೆಟ್ ತೆಗೆಯಿರಿ. ಕನ್ನಡಕ ಮತ್ತು ಕಿವಿಯ ಯಂತ್ರ ಮಾತ್ರ ಮನೆಯವರ ಕೈಯಲ್ಲೇ ಸಿದ್ಧವಾಗಿರಲಿ, ಕಾರಣ ಮುಂದೆ ಹೇಳುತ್ತೇನೆ.

ಹಂತ 6: ಎಚ್ಚರವಾದ ಮೇಲೆ ಏನೇನು ಆಗುತ್ತದೆ

ರಿಕವರಿ ರೂಮಿನಲ್ಲಿ ಕಣ್ಣು ಬಿಟ್ಟಾಗ ‘ಇನ್ನೂ ಶುರು ಮಾಡಿಲ್ವಾ?’ ಎಂದು ಕೇಳುವವರೇ ಹೆಚ್ಚು. ನಡುವಿನ ಸಮಯ ನೆನಪಿನಲ್ಲಿ ಇರುವುದಿಲ್ಲ. ಮಂಪರಿನಲ್ಲಿ ಒಂದೇ ಪ್ರಶ್ನೆ ಮೂರು ಸಲ ಕೇಳುವುದೂ ಸಹಜ.

ಮೈ ನಡುಗುವುದನ್ನು ನೋಡಿ ಮನೆಯವರು ಹೆದರುತ್ತಾರೆ. ಅರಿವಳಿಕೆಯಲ್ಲಿ ದೇಹ ತನ್ನ ಬಿಸಿಯನ್ನು ಕಾಪಾಡಿಕೊಳ್ಳಲಾರದು. ಮೊದಲ ಗಂಟೆಯಲ್ಲೇ ಒಳಗಿನ ಉಷ್ಣತೆ ಸುಮಾರು 1ರಿಂದ 1.5 ಡಿಗ್ರಿ ಸೆಲ್ಸಿಯಸ್ ಇಳಿಯಬಹುದು. ಬೆಚ್ಚಗಿನ ಹೊದಿಕೆ, ಬಿಸಿಗಾಳಿ ಊದುವ ಯಂತ್ರ ಸಾಕಾಗುತ್ತದೆ, ಬೇಕಾದರೆ ಇಂಜೆಕ್ಷನ್ ಇದೆ. ಇದು ಜ್ವರವಲ್ಲ, ಫಿಟ್ಸೂ ಅಲ್ಲ.

ವಾಂತಿ, ವಾಕರಿಕೆ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವ ಅಡ್ಡಪರಿಣಾಮ. ತಡೆಯುವ ಔಷಧ ಕೊಡದಿದ್ದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಯಾರಿಗೆ ಬರಬಹುದೆಂದು ಅಂದಾಜು ಮಾಡುವ ಲೆಕ್ಕವೂ ಇದೆ. ಹೆಣ್ಣಾಗಿರುವುದು, ಧೂಮಪಾನ ಮಾಡದವರಾಗಿರುವುದು, ಹಿಂದೆ ಆಪರೇಷನ್ ನಂತರ ಅಥವಾ ಪ್ರಯಾಣದಲ್ಲಿ ವಾಂತಿ ಆಗಿರುವುದು, ಆಪರೇಷನ್ ನಂತರ ಮಾರ್ಫಿನ್ ಬಗೆಯ ನೋವಿನ ಔಷಧ ಬೇಕಾಗುವುದು, ಹೀಗೆ ನಾಲ್ಕು ಅಂಶ. ಒಂದೂ ಇಲ್ಲದವರಿಗೆ ಸುಮಾರು 10%, ಎರಡಿದ್ದರೆ 40%, ನಾಲ್ಕೂ ಇದ್ದರೆ 80% ಸಾಧ್ಯತೆ. ನಮ್ಮ ಮನೆಗಳ ಬಹುತೇಕ ಹೆಣ್ಣುಮಕ್ಕಳಿಗೆ ಮೊದಲ ಎರಡು ಇದ್ದೇ ಇರುತ್ತವೆ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಬಸ್ಸು ತಿರುಗತೊಡಗಿದೊಡನೆ ಕವರ್ ಹಿಡಿಯುವವರಾದರೆ ಮೂರನೆಯದೂ ಸೇರಿತು. ‘ಘಾಟಿಯಲ್ಲಿ ನನಗೆ ವಾಂತಿ ಬರುತ್ತೆ’ ಎಂಬುದು ಹೇಳಲು ತೀರಾ ಸಣ್ಣ ವಿಷಯ ಅನ್ನಿಸಬಹುದು. ಅದನ್ನು ಕೇಳಿದ ತಜ್ಞರು ಅನಿಲದ ಬದಲು ಪ್ರೊಪೊಫಾಲ್ ಡ್ರಿಪ್ಪಿನಲ್ಲೇ ಅರಿವಳಿಕೆ ನಡೆಸಬಹುದು, ಡೆಕ್ಸಾಮೆಥಾಸೋನ್, ಒಂಡಾನ್‌ಸೆಟ್ರಾನ್ ಎರಡನ್ನೂ ಮೊದಲೇ ಕೊಡಬಹುದು. ಎದ್ದ ಮೇಲೆ ವಾಕರಿಕೆ ಬಂದರೆ ತಡೆದುಕೊಂಡು ಮಲಗಬೇಡಿ, ಕೂಡಲೇ ಸಿಸ್ಟರ್‌ಗೆ ಹೇಳಿ.

ಗಂಟಲು ನೋವು, ಧ್ವನಿ ಒಡೆಯುವುದು ಟ್ಯೂಬ್‌ನಿಂದ. ಒಂದೆರಡು ದಿನ ಇರುತ್ತದೆ, ಉಗುರುಬೆಚ್ಚಗಿನ ನೀರು ಸಾಕು. ಸ್ಕೋಲಿನ್ ಕೊಟ್ಟಿದ್ದರೆ ಮರುದಿನ ಕುತ್ತಿಗೆ, ಭುಜ, ಪಕ್ಕೆಯಲ್ಲಿ ವಿಪರೀತ ಕೆಲಸ ಮಾಡಿದಂಥ ಮೈಕೈ ನೋವು ಬರಬಹುದು. ಲ್ಯಾಪ್ರೊಸ್ಕೋಪಿ ಆದವರ ಭುಜನೋವು ಅರಿವಳಿಕೆಯದ್ದಲ್ಲ. ಹೊಟ್ಟೆಗೆ ತುಂಬಿದ ಅನಿಲ ವಪೆಯನ್ನು ಕೆಣಕುವುದರಿಂದ ಬಂದದ್ದು. ಮೂತ್ರ ಕಟ್ಟುವುದು ಪ್ರಾಸ್ಟೇಟ್ ತೊಂದರೆಯಿರುವ ಗಂಡಸರಲ್ಲಿ ಹೆಚ್ಚು. ನೋವಿನ ಔಷಧಗಳಿಂದ ಮಲಬದ್ಧತೆ ಆಗುತ್ತದೆ. ಕ್ಯಾನ್ಯುಲಾ ಹಾಕಿದ ಜಾಗ ಕೆಲವು ದಿನ ಗಟ್ಟಿಯಾಗಿ ನೋಯಬಹುದು. ಕೆಲವರಿಗೆ ಒಂದು ವಾರ ಆಯಾಸ, ನಿದ್ದೆ ಏರುಪೇರು, ಕಾರಣವಿಲ್ಲದ ಬೇಸರ ಇರುತ್ತದೆ.

ಹಂತ 7: ವಯಸ್ಸಾದವರಿದ್ದರೆ ಪಕ್ಕದಲ್ಲಿ ಮನೆಯವರಿರಲಿ

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜ ಮೊದಲ ದಿನ ಚೆನ್ನಾಗಿ ಮಾತಾಡಿ, ಎರಡನೇ ರಾತ್ರಿ ‘ಹಸು ಕಟ್ಟಿಲ್ಲ, ಮನೆಗೆ ಹೋಗಬೇಕು’ ಎಂದು ಡ್ರಿಪ್ ಕಿತ್ತುಹಾಕಬಹುದು. ಇದು ಡೆಲಿರಿಯಂ. ಹುಚ್ಚಲ್ಲ, ಹಠವಲ್ಲ, ಗಾಳಿ ಸೋಕಿದ್ದೂ ಅಲ್ಲ. ಹಗಲಲ್ಲಿ ತಿಳಿಯಾಗಿದ್ದು ರಾತ್ರಿ ಹೆಚ್ಚುವುದು ಇದರ ಗುಣ. ಇನ್ನೊಂದು ಬಗೆಯದನ್ನು ಗುರುತಿಸುವುದೇ ಕಷ್ಟ: ಅಜ್ಜಿ ಸುಮ್ಮನೆ ಗೋಡೆ ನೋಡುತ್ತ ಮಲಗಿರುತ್ತಾರೆ, ಊಟ ಬೇಡವೆನ್ನುತ್ತಾರೆ, ‘ಪಾಪ, ಸುಸ್ತು’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಎರಡನ್ನೂ ಡಾಕ್ಟರಿಗೆ ಹೇಳಬೇಕು.

ಇದಕ್ಕೆ ಅರಿವಳಿಕೆಯೊಂದೇ ಕಾರಣವಲ್ಲ. ನೋವು, ಸೋಂಕು, ನಿರ್ಜಲೀಕರಣ, ಮೂತ್ರ ಕಟ್ಟಿರುವುದು, ನಿದ್ದೆಯಿಲ್ಲದಿರುವುದು, ಹೊಸ ಜಾಗ ಎಲ್ಲ ಸೇರಿರುತ್ತವೆ. ‘ಬೆನ್ನಿಗೆ ಕೊಟ್ಟಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಕೊರಗುವುದೂ ಬೇಡ. ಸೊಂಟದ ಮೂಳೆ ಮುರಿದ 1,600 ರೋಗಿಗಳ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಪೈನಲ್, ಜನರಲ್ ಎರಡರಲ್ಲೂ ಡೆಲಿರಿಯಂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಂಡಿತು.

ಮನೆಯವರು ಮಾಡಬಹುದಾದ್ದು ಬಹಳ ಇದೆ, ಔಷಧಕ್ಕಿಂತ ಅದೇ ಹೆಚ್ಚು ಕೆಲಸ ಮಾಡುತ್ತದೆ. ಎಚ್ಚರವಾದ ಕೂಡಲೇ ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಹಾಕಿ. ಕಾಣದೆ, ಕೇಳದೆ ಇರುವವರಿಗೆ ಎಲ್ಲಿದ್ದೇವೆಂದು ತಿಳಿಯುವುದಾದರೂ ಹೇಗೆ? ಹಗಲು ಕಿಟಕಿ ತೆರೆದಿರಲಿ, ರಾತ್ರಿ ದೀಪ ಮಂದವಾಗಿರಲಿ. ಪರಿಚಿತ ದನಿ ಬೇಕು, ಹಾಗಾಗಿ ರಾತ್ರಿ ಪಕ್ಕದಲ್ಲಿ ಉಳಿಯಲು ಅನುಮತಿ ಕೇಳಿ. ‘ಅಪ್ಪ, ಇದು ಆಸ್ಪತ್ರೆ, ಇವತ್ತು ಗುರುವಾರ, ನಾಳಿದ್ದು ಮನೆಗೆ ಹೋಗ್ತೀವಿ’ ಎಂದು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿ. ವಾದಕ್ಕಿಳಿಯಬೇಡಿ. ನೀರು ಕುಡಿಸಿ, ಡಾಕ್ಟರು ಒಪ್ಪಿದೊಡನೆ ಕೂರಿಸಿ, ನಡೆಸಿ. ‘ನಿದ್ದೆ ಮಾತ್ರೆ ಕೊಡಿ’ ಎಂದು ಒತ್ತಾಯಿಸಬೇಡಿ. ಲೊರಾಜೆಪಾಮ್‌ನಂಥವು ಗೊಂದಲವನ್ನು ಹೆಚ್ಚಿಸುತ್ತವೆ. ಹೆಚ್ಚಿನವರು ದಿನಗಳಲ್ಲಿ ಸರಿಹೋಗುತ್ತಾರೆ. ಮೊದಲೇ ಮರೆವಿನ ಕಾಯಿಲೆ ಇದ್ದವರಿಗೆ ಹೆಚ್ಚು ಸಮಯ ಬೇಕು.

ಹಂತ 8: ಮಕ್ಕಳ ವಿಷಯ

ಮಗುವಿಗೆ ಶೀತ, ಕೆಮ್ಮು, ಜ್ವರ ಇದ್ದರೆ ಮುಚ್ಚಿಡಬೇಡಿ. ಗಂಟಲಿನ ಧ್ವನಿಪೆಟ್ಟಿಗೆ ಥಟ್ಟನೆ ಬಿಗಿದು ಉಸಿರು ಸಿಕ್ಕಿಕೊಳ್ಳುವ ಸಾಧ್ಯತೆ ಆಗ ಹೆಚ್ಚು. ತುರ್ತಿಲ್ಲದ ಆಪರೇಷನ್‌ನನ್ನು ಕೆಲವು ವಾರ ಮುಂದೂಡುವುದೇ ಲೇಸು. ಸುಮಾರು 2ರಿಂದ 6 ವರ್ಷದ ಮಕ್ಕಳು ಎಚ್ಚರವಾಗುವಾಗ ತಾಯಿಯನ್ನೂ ಗುರುತಿಸದೆ ಚೀರಿ, ಒದ್ದಾಡುವುದುಂಟು. ನೋಡಲು ಸಂಕಟವಾಗುತ್ತದೆ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ, ಮಗುವಿಗೆ ನೆನಪೂ ಇರುವುದಿಲ್ಲ. ಬೀಳದಂತೆ ಹಿಡಿದು, ಮೆಲ್ಲಗೆ ಮಾತಾಡುತ್ತಿರಿ.

‘ಮಿದುಳಿನ ಬೆಳವಣಿಗೆಗೆ ತೊಂದರೆಯಾಗುತ್ತಾ?’ ಎಂದು ಕೇಳದ ತಾಯಿಯಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. 2016ರಲ್ಲಿ 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆ ಮೀರಿದ ಅಥವಾ ಮತ್ತೆ ಮತ್ತೆ ಕೊಡುವ ಅರಿವಳಿಕೆಯ ಬಗ್ಗೆ ಎಚ್ಚರಿಕೆ ಕೊಟ್ಟಿತು. ಶಿಶುಗಳಿಗೆ ಒಂದೇ ಸಲ, ಒಂದು ಗಂಟೆಯೊಳಗಿನ ಅರಿವಳಿಕೆ ಕೊಟ್ಟು 5 ವರ್ಷದವರೆಗೆ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಆ ಮಕ್ಕಳ ಬುದ್ಧಿಮತ್ತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಹರ್ನಿಯಾದಂಥ ಸಣ್ಣ ಆಪರೇಷನ್‌ನನ್ನು ಈ ಭಯಕ್ಕಾಗಿ ತಪ್ಪಿಸಬೇಕಿಲ್ಲ.

ಹಂತ 9: ಅಪರೂಪದ, ಗಂಭೀರವಾದವನ್ನು ಸಂಖ್ಯೆಯೊಂದಿಗೆ ತಿಳಿಯಿರಿ

ಆಪರೇಷನ್ ನಡುವೆ ಎಚ್ಚರವಾಗುವ ಭಯ ಬಹಳ ಜನಕ್ಕಿದೆ. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ನಡೆದು 2014ರಲ್ಲಿ ಹೊರಬಂದ ದೊಡ್ಡ ಸಮೀಕ್ಷೆಯಲ್ಲಿ ತಾವಾಗಿಯೇ ಬಂದು ಹೀಗಾಯಿತೆಂದು ಹೇಳಿದವರು ಸುಮಾರು 19,000ಕ್ಕೆ ಒಬ್ಬರು. ಜನರಲ್ ಕೊಟ್ಟು ಮಾಡಿದ ಸಿಸೇರಿಯನ್‌ಗಳಲ್ಲಿ ಮಾತ್ರ ಸುಮಾರು 670ಕ್ಕೆ ಒಬ್ಬರು. ಹಾಗೇನಾದರೂ ನೆನಪಿದ್ದರೆ ಕನಸೆಂದು ನುಂಗಿಕೊಳ್ಳದೆ ತಜ್ಞರಿಗೆ ಹೇಳಿ. ಅದು ಮನಸ್ಸನ್ನು ಕಾಡುವ ಅನುಭವ, ಅದಕ್ಕೆ ಆಪ್ತಸಮಾಲೋಚನೆ ಬೇಕು. ಜೀವಕ್ಕೇ ಬರುವ ಅಲರ್ಜಿ, ಬ್ರಿಟನ್ನಿನ 2018ರ ಸಮೀಕ್ಷೆಯ ಪ್ರಕಾರ, 10,000ಕ್ಕೆ ಒಂದು. ಅದರಲ್ಲಿ ಮೊದಲ ಕಾರಣ ಅರಿವಳಿಕೆ ಔಷಧವೇ ಅಲ್ಲ, ಆ್ಯಂಟಿಬಯೋಟಿಕ್. ಆರೋಗ್ಯವಾಗಿರುವವರಲ್ಲಿ ಅರಿವಳಿಕೆಯೊಂದರಿಂದಲೇ ಸಾವು ಸಂಭವಿಸುವುದು ಮುಂದುವರಿದ ದೇಶಗಳಲ್ಲಿ ಸುಮಾರು 1 ಲಕ್ಷಕ್ಕೆ ಒಂದು. ಈ ಲೆಕ್ಕ ಎಲ್ಲ ಆಸ್ಪತ್ರೆಗೂ, ಎಲ್ಲ ರೋಗಿಗೂ ಒಂದೇ ಅಲ್ಲ. ಹೃದಯ ಕಾಯಿಲೆ, ವಯಸ್ಸು, ತುರ್ತು ಆಪರೇಷನ್ ಅಪಾಯವನ್ನು ಏರಿಸುತ್ತವೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡುವ ಮೊದಲು ‘ನನ್ನ ವಿಷಯದಲ್ಲಿ ಹೆಚ್ಚಿನ ಅಪಾಯ ಯಾವುದು?’ ಎಂದು ಕೇಳಿ, ಕನ್ನಡದಲ್ಲೇ ವಿವರಿಸಲು ಹೇಳಿ.

ಹಂತ 10: ಮನೆಗೆ ಬಂದ ಮೇಲೆ

ಅದೇ ದಿನ ಮನೆಗೆ ಕಳಿಸಿದರೆ 24 ಗಂಟೆ ಸ್ಕೂಟರ್, ಕಾರು ಓಡಿಸಬೇಡಿ, ಒಲೆಯ ಮುಂದೆ ಒಬ್ಬರೇ ನಿಲ್ಲಬೇಡಿ, ಮದ್ಯ ಬೇಡ. ದುಡ್ಡಿನ, ಜಮೀನಿನ ಕಾಗದಗಳಿಗೆ ಸಹಿಯೂ ಬೇಡ. ತಲೆ ತಿಳಿಯಾಗಿದೆ ಅನ್ನಿಸಿದರೂ ತೀರ್ಮಾನ ಮಾಡುವ ಶಕ್ತಿ ಪೂರ್ತಿ ಮರಳಿರುವುದಿಲ್ಲ. ಆ ರಾತ್ರಿ ದೊಡ್ಡವರೊಬ್ಬರು ಜೊತೆಗಿರಬೇಕು.

ಈ ಕೆಳಗಿನವು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಆಸ್ಪತ್ರೆಗೆ ಫೋನ್ ಮಾಡಿ, ಉಸಿರಿನ ಅಥವಾ ಎದೆಯ ತೊಂದರೆಯಾದರೆ ನೇರ 108ಕ್ಕೆ:

- ಉಸಿರಾಟದ ಕಷ್ಟ, ಎದೆನೋವು, ತುಟಿ–ಮುಖ ಊದಿಕೊಂಡು ಮೈಯೆಲ್ಲ ದದ್ದು
- ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರು, ಹೊಸದಾಗಿ ಬಂದ ಗೊಂದಲ
- ನೀರೂ ನಿಲ್ಲದಷ್ಟು ವಾಂತಿ, ಅಥವಾ 24 ಗಂಟೆ ದಾಟಿದ ವಾಂತಿ
- 6–8 ಗಂಟೆಯಾದರೂ ಮೂತ್ರ ಬಾರದಿರುವುದು
- ಒಂದೇ ಕಾಲಿನ ಮೀನಖಂಡ ಊದಿ ನೋಯುವುದು
- ಜ್ವರದೊಂದಿಗೆ ಕಫ

ಕಣ್ಣಲ್ಲಿ ಮರಳು ಹೊಕ್ಕಂಥ ನೋವು, ಕಿರುಬೆರಳಿನ ಕಡೆ ಕೈ ಜೋಮು, ವಾರ ಕಳೆದರೂ ಸರಿಹೋಗದ ಧ್ವನಿ ಇವು ಅಷ್ಟು ತುರ್ತಲ್ಲ, ಆದರೆ ತೋರಿಸಲೇಬೇಕು. ಮೊದಲನೆಯದು ಕಣ್ಣಿನ ಮೇಲ್ಪದರ ಒಣಗಿದ್ದರಿಂದ ಅಥವಾ ಗೀಚಿದ್ದರಿಂದ, ಎರಡನೆಯದು ಟೇಬಲ್ ಮೇಲೆ ಮಲಗಿದ್ದಾಗ ಮೊಣಕೈಯ ನರ ಒತ್ತಿಕೊಂಡದ್ದರಿಂದ ಆಗಿರಬಹುದು.

ಆಪರೇಷನ್ ವೇಳೆ ಏನಾದರೂ ಅಸಹಜ ನಡೆದಿದ್ದರೆ, ಅಂದರೆ ಟ್ಯೂಬ್ ಹಾಕುವುದು ಕಷ್ಟವಾಗಿದ್ದರೆ, ಯಾವುದಾದರೂ ಔಷಧಕ್ಕೆ ಅಲರ್ಜಿ ಆಗಿದ್ದರೆ, ಎಚ್ಚರವಾಗುವುದು ತಡವಾಗಿದ್ದರೆ, ಔಷಧದ ಹೆಸರು ಸಮೇತ ಅದನ್ನು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದುಕೊಡಿ ಎಂದು ಅರಿವಳಿಕೆ ತಜ್ಞರನ್ನೇ ಕೇಳಿ. ಫೋಟೋ ತೆಗೆದು ಫೋನಿನಲ್ಲಿಡಿ, ಪ್ರತಿಯನ್ನು ಫೈಲಿಗೆ ಸೇರಿಸಿ. ಕಿಣ್ವದ ಕೊರತೆಯೋ ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾವೋ ಆಗಿದ್ದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ವಾರ ಕಳಿಸಿ, ಅವರ ಮುಂದಿನ ಪಿ.ಎ.ಸಿ.ಯಲ್ಲಿ ತೋರಿಸಲು.